ಕೆರೆಯ ನೀರೂ ಮನುಷ್ಯನ ನಡತೆಯೂ

(ಶ್ರೀಮಠದ ಮಹೋತ್ಸವ ಸಂದರ್ಭದ ಉಪನ್ಯಾಸ)



ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಪಟ್ಟಣದ ವಾಯವ್ಯ ದಿಕ್ಕಿಗೆ, ಹಿನಕಲ್ ಎಂಬ ಗ್ರಾಮವಿರುವುದು ಇಲ್ಲಿ ನೆರೆದಿರುವವರೆಲ್ಲರಿಗೂ ತಿಳಿದ ವಿಷಯವೇ ಸರಿ. ನನ್ನೇಶ್ವರನ ಪ್ರಾಚೀನ ದೇವಾಲಯವನ್ನುಳ್ಳ ಈ ಊರು ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳಿಂದ ಕೂಡಿದ ಒಕ್ಕಲು ಗ್ರಾಮವಾಗಿದ್ದಿತು. ಈಗಲಾದರೋ ಅದರ ಹೊಲಗಳ ಮೇಲೆ ವಿಜಯನಗರದ ಬಡಾವಣೆಗಳು ಎದ್ದು ನಿಂತಿರುವುವು. ಹೊರವರ್ತುಲದ ರಸ್ತೆಯು ಹಾದುಹೋಗಿರುವುದು. ಎರಡು ರಸ್ತೆಗಳು ಕೂಡುವಲ್ಲಿ ಮೇಲ್ಸೇತುವೆಯೂ ಏರ್ಪಟ್ಟಿರುವುದು. ಊರಿನ ಹೆಸರು ಉಳಿದಿದೆ. ಕೆರೆಯೂ ಇದೆ. ಆದರೆ ಊರಿನವರು ಕೆರೆಯನ್ನು ನೋಡುತ್ತಿದ್ದ ಕಣ್ಣು ಮಾತ್ರ ಮೊದಲಿನ ಕಣ್ಣಾಗಿ ಉಳಿದಿಲ್ಲ.

ಕೆರೆಯನ್ನು ನಂಬಿ ಬಾಳುವ ಒಕ್ಕಲಿಗನು ಬೆಳಗಾಗೆದ್ದು ದನಗಳನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ, ನೀರು ನಿನ್ನೆಗಿಂತ ಎಷ್ಟು ಕೆಳಗಿಳಿಯಿತೆಂಬುದನ್ನು ಕಣ್ಣಾರೆ ಕಾಣುತ್ತಾನೆ. ಪುಷ್ಯ ಮಾಸದಲ್ಲಿಯೇ ತೂಬಿನ ಬುಡದ ಕಲ್ಲು ಕಾಣಿಸಿಕೊಂಡರೆ ಬೇಸಗೆಯ ಗತಿಯೇನೆಂಬುದನ್ನು ಅವನಿಗೆ ಬೇರೊಬ್ಬರು ಹೇಳಬೇಕಾದುದಿಲ್ಲ. ಆಗಲೇ ಅವನು ಬಿತ್ತುವ ಪೈರನ್ನು ಬದಲಿಸುವನು, ಮೇವನ್ನು ಮಿತಮಾಡುವನು, ಹಗೇವಿನ ರಾಗಿಯ ಮೇಲೆ ಕೈಯಿಡಲು ಹಿಂದುಮುಂದು ನೋಡುವನು. ನಲ್ಲಿಯ ನೀರನ್ನು ನಂಬಿ ಬಾಳುವವನಿಗೆ ಈ ಕಣ್ಣಿಲ್ಲ. ಕಟ್ಟೆಯು ಎಲ್ಲಿಯೋ, ನಲ್ಲಿಯು ಇಲ್ಲಿಯೋ. ತುಂಬಿದ ಕಟ್ಟೆಯ ಕಾಲದಲ್ಲಿ ಹೇಗೋ, ಒಣಗುವ ಹಿಂದಿನ ದಿವಸದ ವರೆಗೂ ನಲ್ಲಿಯು ಹಾಗೆಯೇ ಹರಿಯುವುದು. ಆದುದರಿಂದ ಕಷ್ಟವು ಬರುತ್ತಿರುವುದು ಅವನಿಗೆ ತಿಳಿಯುವುದಿಲ್ಲ; ಬಂದುದು ಮಾತ್ರ ತಿಳಿಯುವುದು.

ಲೋಕದ ಹವಾಗುಣವೇ ಬದಲಾಗುತ್ತಿರುವ ಈ ಕಾಲದಲ್ಲಿ, ಬರಲಿರುವ ಗಂಡಾಂತರಕ್ಕೆ ಮನುಷ್ಯನು ತನ್ನ ನಡತೆಯಿಂದ ಹೇಗೆ ಉತ್ತರ ಕೊಡುತ್ತಿರುವನು, ಹೇಗೆ ಕೊಡಬೇಕು ಎಂಬುದೇ ಈ ಉಪನ್ಯಾಸದ ವಿಷಯವು. ಇದು ಪಂಡಿತರ ಸಭೆಗೆ ಮಾತ್ರ ಸೇರಿದ ಮಾತೆಂದು ಭಾವಿಸತಕ್ಕದ್ದಲ್ಲ. ಶರಣರು ಅರಿವು, ಆಚಾರ ಎಂಬ ಎರಡು ಮಾತುಗಳನ್ನು ಯಾವಾಗಲೂ ಜೊತೆಯಾಗಿಯೇ ಹೇಳಿದರು. ಅರಿವಿದ್ದೂ ಆಚಾರವಿಲ್ಲದಿದ್ದರೆ ಆಗುವ ಹಾನಿಯು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇರೊಂದಿಲ್ಲ.

ಮೊದಲು ಅರಿವಿನ ಮಾತು. ಕಲ್ಲಿದ್ದಲು, ಪೆಟ್ರೋಲು ಮುಂತಾದುವುಗಳನ್ನು ಉರಿಸುವುದರಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಎಂಬ ಅನಿಲವು ಭೂಮಂಡಲಕ್ಕೆ ಹೊದಿಸಿದ ಕಂಬಳಿಯಂತೆ ಶಾಖವನ್ನು ಹಿಡಿದಿಡುವುದು. ಸ್ವೀಡನ್ ದೇಶದ ಅರೇನಿಯಸ್ ಎಂಬ ವಿದ್ವಾಂಸನು 1896ರಷ್ಟು ಹಿಂದೆಯೇ ಇದರ ಲೆಕ್ಕವನ್ನು ಹಾಕಿದ್ದನು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ಅನಿಲವು ಈಗ 420 ಪಾಲನ್ನು ಮೀರಿರುವುದು. 2015ರಲ್ಲಿ ಪ್ಯಾರಿಸ್ ನಗರದಲ್ಲಿ ಕೂಡಿದ ರಾಷ್ಟ್ರಗಳು, ಲೋಕದ ಶಾಖದ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಲು ಪ್ರಯತ್ನಿಸತಕ್ಕದ್ದೆಂದು ಒಡಂಬಟ್ಟುವು. 2024ನೆಯ ವರ್ಷವೊಂದರ ಸರಾಸರಿಯೇ ಆ ಎಲ್ಲೆಯನ್ನು ದಾಟಿತು. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ಆವಿಯನ್ನು ಹೊತ್ತುಕೊಳ್ಳಬಲ್ಲುದು. ಆದಕಾರಣ ಬಿಸಿಲಿನ ದಿವಸಗಳಲ್ಲಿ ನೆಲವು ಬೇಗನೆ ಆರುವುದು. ಮಳೆಯು ಬಂದರೆ ಒಮ್ಮೆಗೇ ಸುರಿಯುವುದು. ಬರವೂ ಪ್ರವಾಹವೂ ಒಂದೇ ತಾಯಿಯ ಮಕ್ಕಳೆಂದು ತಿಳಿಯತಕ್ಕದ್ದು.

ಇದು ದೂರದ ಮಾತಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುವು. 2019ರ ಆಗಸ್ಟಿನಲ್ಲಿ ಕಬಿನಿಯ ಕಟ್ಟೆಯಿಂದ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರನ್ನು ಬಿಡಬೇಕಾಗಿ ಬಂದು, ನಂಜನಗೂಡಿನ ಬಳಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರಿನ ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. 2021ರ ಅಕ್ಟೋಬರಿನ ಮಳೆಗೆ ಚಾಮುಂಡಿಬೆಟ್ಟದ ನಂದಿಯ ಸಮೀಪದ ರಸ್ತೆಯು ಜರಿಯಿತು. 2023ರಲ್ಲಿ ಇದಕ್ಕೆ ತಿರುಗುಮುರುಗಾಯಿತು: 1901ರಿಂದ ಲೆಕ್ಕವಿಟ್ಟಂದಿನಿಂದ ಭಾರತದಲ್ಲಿ ಅಷ್ಟು ಒಣಗಿದ ಆಗಸ್ಟು ಬಂದಿರಲಿಲ್ಲ, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟುವು. ಮರುವರ್ಷವೇ, 2024ರ ಜುಲೈ 30ರಂದು, ಕಪಿಲೆಯು ಹುಟ್ಟುವ ವಯನಾಡಿನಲ್ಲಿ ಬೆಟ್ಟವು ಜಾರಿ ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಈ ಅನಾಹುತಗಳಲ್ಲಿ ಒಂದೊಂದಕ್ಕೂ ಹವೆಯೊಂದೇ ಕಾರಣವೆಂದು ಹೇಳಲಾಗದು. ಬೆಟ್ಟವನ್ನು ಕಡಿದ ಕೈಯೂ, ಹಳ್ಳವನ್ನು ಮುಚ್ಚಿದ ಕೈಯೂ ಅದರಲ್ಲಿ ಸೇರಿದುವು. ಆದರೆ ಇವೆಲ್ಲ ಒಂದರ ಹಿಂದೊಂದಾಗಿ ಬಂದ ರೀತಿಯು ಯಾವ ವಿವೇಕಿಯನ್ನಾದರೂ ಯೋಚನೆಗೆ ಹಚ್ಚತಕ್ಕದ್ದಾಗಿದೆ.

ಹೀಗಿದ್ದೂ ಜನರ ನಡತೆಯು ಎಷ್ಟು ಬದಲಾಯಿತು? ಮನುಷ್ಯನು ಗಂಡಾಂತರಕ್ಕೆ ಕೊಡುವ ಉತ್ತರವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಮರೆಯುವುದು, ಹೊಣೆಯನ್ನು ಮತ್ತೊಬ್ಬರ ಮೇಲೆ ಹೊರಿಸುವುದು, ತನ್ನೊಬ್ಬನನ್ನು ಮಾತ್ರ ಕಾಪಾಡಿಕೊಳ್ಳುವುದು, ಎಲ್ಲರೊಡನೆ ಕೂಡಿ ನಡೆಯುವುದು.

ಮರೆವಿಗೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೈಸೂರು ಮಂಡ್ಯಗಳ ಸೀಮೆಯಲ್ಲಿ ಮಳೆಗಾಲ ಬಂದಿತೆಂದರೆ ‘ಕಟ್ಟೆಯಲ್ಲಿ ಎಷ್ಟು ಅಡಿ?’ ಎಂಬುದು ನೆಂಟರ ಕ್ಷೇಮಸಮಾಚಾರವನ್ನು ಕೇಳಿದಷ್ಟೇ ಸಹಜವಾದ ಪ್ರಶ್ನೆಯು. ಕೃಷ್ಣರಾಜಸಾಗರದ ಪೂರ್ಣಮಟ್ಟವು 124.80 ಅಡಿ ಎಂಬುದನ್ನು ಓದುಬರಹವರಿಯದ ಮುದುಕಿಯೂ ಬಲ್ಲಳು. 2023ರಲ್ಲಿ ಕಟ್ಟೆಯು ತುಂಬಲಿಲ್ಲ. ಎಲ್ಲರ ಮುಖವೂ ಬಾಡಿತು. 2024ರ ಜುಲೈಯಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳು ಮುಗಿಯುವುದರೊಳಗಾಗಿಯೇ ತುಂಬಿತು. ಬಾಗಿನವನ್ನು ಅರ್ಪಿಸಿದ್ದೂ ಆಯಿತು. ಬರಗಾಲದ ವರ್ಷದಲ್ಲಿ ‘ಈ ಸಲ ಮಳೆನೀರನ್ನು ಹಿಡಿಯಲೇಬೇಕು’ ಎಂದುಕೊಂಡವನು, ಕಟ್ಟೆಯು ತುಂಬಿದ ವಾರ್ತೆಯನ್ನು ಕೇಳಿದ ಕೂಡಲೇ ಕೊಳಾಯಿಯನ್ನು ಜೋಡಿಸುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಿದನು. ಮಟ್ಟವನ್ನು ಕೇಳುವುದು ಹರ್ಷಿಸುವುದಕ್ಕೂ ಮರುಗುವುದಕ್ಕೂ ಆಯಿತೇ ಹೊರತು, ಮನೆಯ ಬಳಕೆಯನ್ನು ಹೆಚ್ಚು ಕಡಮೆ ಮಾಡುವುದಕ್ಕೆ ಆಗಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಅವಿವೇಕವೆಂಬ ಗಾದೆಯು ಎಲ್ಲರಿಗೂ ಗೊತ್ತು. ಬೆಂಕಿಯು ಆರಿದ ಮೇಲೆ, ತೋಡುತ್ತಿದ್ದ ಬಾವಿಯನ್ನು ಅರ್ಧಕ್ಕೆ ನಿಲ್ಲಿಸುವುದು ಅದಕ್ಕಿಂತಲೂ ದೊಡ್ಡ ಅವಿವೇಕವು.

ಮರೆವಿಗೆ ತೆರಬೇಕಾದ ಬೆಲೆಯನ್ನು ಮೈಸೂರು ದೇಶವು ಹಿಂದೊಮ್ಮೆ ತೆತ್ತಿರುವುದು. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ ಬಂದ ಮಹಾಕ್ಷಾಮವನ್ನು ಹಿರಿಯರು ತಲೆಮಾರುಗಳ ವರೆಗೆ ನೆನೆದು ನಡುಗುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಆ ಕ್ಷಾಮವು ಹವಾಗುಣದ ಈಗಿನ ಬದಲಾವಣೆಗಿಂತ ಹಿಂದಿನದು. ಆಗ ಕಾಳನ್ನು ಸಾಗಿಸಲು ಸಾಕಷ್ಟು ರೈಲುಮಾರ್ಗಗಳೂ ಇರಲಿಲ್ಲ. ಆದರೂ ಮಳೆಯು ಕೈಕೊಟ್ಟರೆ ಮನುಷ್ಯನ ಗತಿಯೇನಾಗುವುದೆಂಬುದಕ್ಕೆ ಅದು ಈ ನೆಲದಲ್ಲಿಯೇ ಬರೆದಿಟ್ಟ ಲೆಕ್ಕವು. ನೆನಪು ಇದ್ದಷ್ಟು ಕಾಲ ರೈತನು ಅಕ್ಕಡಿ ಸಾಲನ್ನು ಬಿಡಲಿಲ್ಲ: ರಾಗಿಯ ನಡುವೆ ಅವರೆ, ತೊಗರಿ, ಜೋಳಗಳನ್ನು ಬಿತ್ತಿ, ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು ನೋಡಿಕೊಂಡನು. ನೆನಪು ಅಳಿದ ಹಾಗೆಲ್ಲ ಹೊಲವು ಒಂದೇ ಪೈರಿನದಾಯಿತು, ಹಗೇವು ಮುಚ್ಚಿಹೋಯಿತು.

ಎರಡನೆಯ ಬಗೆಯವರು ಮರೆಯುವುದಿಲ್ಲ, ಆದರೆ ಹೊಣೆಯನ್ನು ಹೊರುವುದಿಲ್ಲ. ‘ಎಲ್ಲವೂ ಶಿವಚಿತ್ತ’ ಎಂದು ಒಬ್ಬನು ಹೇಳುವನು. ‘ಸರ್ಕಾರವು ನೋಡಿಕೊಳ್ಳಲಿ’ ಎಂದು ಇನ್ನೊಬ್ಬನು. ‘ಸಿರಿವಂತ ದೇಶಗಳು ಮಾಡಿದ ಪಾಪವನ್ನು ಇಲ್ಲಿಯವರೇಕೆ ಹೊರಬೇಕು’ ಎಂದು ಮತ್ತೊಬ್ಬನು. ಮೂರನೆಯ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಅಮೆರಿಕದಲ್ಲಿ ಒಬ್ಬೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಅನಿಲವು ಹೊರಡುವುದು. ಭಾರತದಲ್ಲಿ ಸುಮಾರು 2 ಟನ್ ಮಾತ್ರ. ಈ ಊರಿನವರೆಲ್ಲರೂ ದೀಪವನ್ನಾರಿಸಿ ಕುಳಿತರೂ ಲೋಕದ ಶಾಖವು ಇಳಿಯಲಾರದೆಂಬುದನ್ನು ಒಪ್ಪಿಕೊಳ್ಳಲೇಬೇಕು. ರಾಷ್ಟ್ರಗಳು ಮಾಡಬೇಕಾದ ಕಾರ್ಯವನ್ನು ರಾಷ್ಟ್ರಗಳೇ ಮಾಡತಕ್ಕದ್ದು; ಅವುಗಳಿಂದ ಅದನ್ನು ಕೇಳುವುದೂ ಪ್ರಜೆಯ ಕರ್ತವ್ಯವೇ. ಆದರೆ ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಲೋಕದ ಶಾಖವು ಏರುವುದು ಲೋಕದ ನಡತೆಯಿಂದ. ಏರಿದ ಶಾಖದಲ್ಲಿ ಹಿನಕಲ್ಲಿನ ಮುದುಕನೊಬ್ಬನು ಬದುಕುವನೋ ಸಾಯುವನೋ, ಸುರಿದ ಮಳೆಯು ಕೆರೆಗೆ ಸೇರುವುದೋ ಮನೆಯೊಳಕ್ಕೆ ನುಗ್ಗುವುದೋ ಎಂಬುದು ಬಹುಮಟ್ಟಿಗೆ ಹಿನಕಲ್ಲಿನ ನಡತೆಯಿಂದ. ಮೊದಲನೆಯದು ಕೈಯಲ್ಲಿಲ್ಲವೆಂದು ಎರಡನೆಯದನ್ನೂ ಕೈಬಿಡುವುದು ಯಾವ ನ್ಯಾಯ?

ಇನ್ನು ಶಿವಚಿತ್ತದ ಮಾತು. ಶರಣಧರ್ಮದಲ್ಲಿ ಈ ಮಾತನ್ನು ಆಲಸ್ಯಕ್ಕೆ ಮುಸುಕಾಗಿ ಹೊದಿಯಲು ಎಡೆಯಿಲ್ಲ. ಕಾಯಕವನ್ನೇ ಪೂಜೆಯಾಗಿ ಕಂಡವರು ಶರಣರು. ನುಲಿಯ ಚಂದಯ್ಯನು ಕೆರೆಯ ದಡದ ಹುಲ್ಲನ್ನು ಕೊಯ್ದು ಹಗ್ಗವನ್ನು ಹೊಸೆದು ಮಾರಿ ಜಂಗಮದಾಸೋಹವನ್ನು ನಡೆಸಿದನು. ಕೊರಳ ಲಿಂಗವು ಕಳಚಿ ಬಿದ್ದಾಗಲೂ ಕಾಯಕವನ್ನು ಬಿಡಲೊಲ್ಲದೆ ಮುಂದೆ ನಡೆದನೆಂದು ಕಥೆಯಿದೆ. ಅಂತಹವರ ಹೆಸರನ್ನು ಹೇಳಿಕೊಳ್ಳುವವರು ಹೂಳು ತುಂಬಿದ ಕೆರೆಯ ದಡದಲ್ಲಿ ಕೈಕಟ್ಟಿ ಕುಳಿತು ಶಿವಚಿತ್ತವೆನ್ನುವುದು ಸಲ್ಲದು.

ಮೂರನೆಯ ಬಗೆಯು ಎಲ್ಲಕ್ಕಿಂತ ಹೆಚ್ಚು ವಿಚಾರಣೀಯವಾದುದು. ಏಕೆಂದರೆ ಇದು ಜಾಗರೂಕರ, ಉಳ್ಳವರ, ತಿಳಿದವರ ಉತ್ತರವು. ಮುಂಗಾರು ತಡವಾಯಿತೆಂದು ಒಬ್ಬನು ಕೊಳವೆಬಾವಿಯನ್ನು ಕೊರೆಸುವನು. ನೆರೆಯವನ ಬಾವಿಯ ಒರತೆಯು ಇಳಿದುದರಿಂದ ಅವನು ಇನ್ನೂ ಆಳಕ್ಕೆ ಕೊರೆಸುವನು. ಕೊನೆಗೆ ಇಬ್ಬರ ಬಾವಿಯೂ ಒಣಗಿ ಇಬ್ಬರೂ ಟ್ಯಾಂಕರಿನ ನೀರಿಗೆ ಕಾಯುವರು. ಕೊರೆಸಲು ಹಣವೇ ಇಲ್ಲದ ಮೂರನೆಯವನು ಮೊದಲಿನಿಂದಲೂ ಕಾಯುತ್ತಲೇ ಇರುವನು. ಸೆಕೆಯು ತಡೆಯಲಾರದಾಯಿತೆಂದು ಕೋಣೆಯನ್ನು ತಂಪುಮಾಡುವ ಯಂತ್ರವನ್ನು ಗೋಡೆಗೆ ಹಾಕಿಸುವರು. ಆ ಯಂತ್ರವು ಶಾಖವನ್ನು ನಾಶಮಾಡುವುದಿಲ್ಲ. ಒಳಗಿನದನ್ನು ಹೊರಕ್ಕೆ ತಳ್ಳುವುದು. ಕೋಣೆಯು ತಣ್ಣಗಾದಷ್ಟೂ ಬೀದಿಯು ಕಾಯುವುದು. ಆ ಬೀದಿಯಲ್ಲಿಯೇ ಕಲ್ಲುಹೊರುವ ಕೂಲಿಯವಳೂ ಸೊಪ್ಪು ಮಾರುವ ಮುದುಕಿಯೂ ನಿಂತಿರುವರು. ಪ್ರವಾಹದ ಭಯದಿಂದ ಮನೆಯ ಅಡಿಪಾಯವನ್ನು ಎತ್ತರಿಸಿ, ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುವರು. ನೆಲಕ್ಕೆ ಇಂಗಬೇಕಾದ ನೀರು ಇಂಗದೆ, ತಗ್ಗಿನಲ್ಲಿರುವ ಬಡವನ ಮನೆಗೆ ಹರಿಯುವುದು.

ಈ ಮೂರು ಕಾರ್ಯಗಳಲ್ಲಿ ಒಂದೂ ಅಪರಾಧವಲ್ಲ. ಮಕ್ಕಳುಮರಿಗಳನ್ನು ಕಾಪಾಡಿಕೊಳ್ಳಬೇಕೆಂಬ ಆಶೆಯು ಸ್ವಭಾವಸಿದ್ಧವಾದುದು. ರೋಗಿಗಳಿರುವ ಮನೆಗೆ ತಂಪುಯಂತ್ರವು ಪ್ರಾಣರಕ್ಷಕವೂ ಅಹುದು. ಆದರೂ ಒಬ್ಬೊಬ್ಬನೂ ತನ್ನ ಮಟ್ಟಿಗೆ ವಿವೇಕಿಯಾಗಿ ನಡೆದುದರಿಂದಲೇ ಊರಿನ ಮಟ್ಟಿಗೆ ಅವಿವೇಕವು ಬೆಳೆಯಿತೆಂಬುದನ್ನು ಯೋಚಿಸಬೇಕು. ಭಯವು ಒಂಟಿಯಾಗಿ ಕೆಲಸ ಮಾಡಿದರೆ ಅದು ಕಷ್ಟವನ್ನು ಕಳೆಯುವುದಿಲ್ಲ, ನೆರೆಮನೆಗೆ ಕಳುಹಿಸುವುದು.

ಇಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯುವುದು ಯೋಗ್ಯವು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತಂದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿವಸ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ದಿನದ ಅಗತ್ಯಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ನಾಳೆಯ ಭಯವು ಮಾರಯ್ಯನ ಸೆರಗಿನಲ್ಲಿ ಒಂದಿಷ್ಟು ಅಕ್ಕಿಯಾಗಿ ಸೇರಿಕೊಂಡಿತ್ತು. ಲಕ್ಕಮ್ಮನು ಆ ಭಯವನ್ನು ಗುರುತಿಸಿದಳು. ಇದರಿಂದ ನಾಳೆಯನ್ನು ಕುರಿತು ಯೋಚಿಸಬಾರದೆಂಬ ಅರ್ಥವನ್ನು ತೆಗೆಯತಕ್ಕದ್ದಲ್ಲ. ಸಾಮಾನ್ಯವಾದ ಅಂಗಳದಿಂದ ಒಬ್ಬನು ತೆಗೆದುಕೊಳ್ಳುವ ಹೆಚ್ಚಿನ ಹಿಡಿಯು ಮತ್ತೊಬ್ಬನ ಪಾಲಿನ ಹಿಡಿಯೆಂಬುದೇ ಅದರ ತಾತ್ಪರ್ಯವು. ನೆಲದಡಿಯ ನೀರೂ, ತಲೆಯ ಮೇಲಣ ಗಾಳಿಯೂ ಅಂತಹ ಅಂಗಳಗಳೇ ಅಲ್ಲವೇ?

ನಾಲ್ಕನೆಯದು ಕೂಡಿ ನಡೆಯುವುದು. ಇದು ಕನಸಿನ ಮಾತೆಂದು ಕೆಲವರು ನಗಬಹುದು. ಹಾಗಲ್ಲವೆಂಬುದಕ್ಕೆ ನಡೆದ ಸಂಗತಿಗಳಿರುವುವು. ಒಡಿಶಾದ ಕರಾವಳಿಯಲ್ಲಿ 1999ರಲ್ಲಿ ಬೀಸಿದ ಚಂಡಮಾರುತಕ್ಕೆ ಸುಮಾರು 10,000 ಮಂದಿ ಬಲಿಯಾದರು. 2013ರಲ್ಲಿ ಅಷ್ಟೇ ಭಯಂಕರವೆನಿಸಿದ ಫೈಲಿನ್ ಎಂಬ ಚಂಡಮಾರುತವು ಬಂದಾಗ, ಮುನ್ಸೂಚನೆಯನ್ನು ನಂಬಿ ಹತ್ತು ಲಕ್ಷದಷ್ಟು ಜನರು ಮನೆಮಾರುಗಳನ್ನು ಬಿಟ್ಟು ಆಶ್ರಯಸ್ಥಾನಗಳಿಗೆ ಹೋದರು. ಮಡಿದವರ ಸಂಖ್ಯೆಯು ಐವತ್ತನ್ನೂ ಮುಟ್ಟಲಿಲ್ಲ. ಗಾಳಿಯು ಸೌಮ್ಯವಾಗಿರಲಿಲ್ಲ, ಬದಲಾದುದು ಜನರ ನಡತೆಯೂ ಅಧಿಕಾರಿಗಳ ಸಿದ್ಧತೆಯೂ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಮೂರು ವರ್ಷಗಳ ಬರದಿಂದ ಕಟ್ಟೆಗಳು ಬರಿದಾಗಿ, ನಲ್ಲಿಗಳನ್ನೆಲ್ಲ ನಿಲ್ಲಿಸಬೇಕಾದ ದಿವಸವು ಹತ್ತಿರವಾಯಿತು. 2018ರ ಫೆಬ್ರವರಿಯಿಂದ ಒಬ್ಬೊಬ್ಬನಿಗೆ ದಿವಸಕ್ಕೆ 50 ಲೀಟರು ಎಂದು ಕಟ್ಟುಮಾಡಿದರು. ಕಟ್ಟೆಗಳ ಮಟ್ಟವನ್ನು ವಾರವಾರವೂ ಸಾರಿದರು. ಜನರು 2015ರಲ್ಲಿ ಬಳಸುತ್ತಿದ್ದ ನೀರನ್ನು ಅರ್ಧದಷ್ಟಕ್ಕೆ ಇಳಿಸಿದರು. ಆ ದಿವಸವು ಬರಲಿಲ್ಲ; ಅಷ್ಟರಲ್ಲಿ ಮಳೆಯು ಬಂದಿತು. ಬೆಂಗಳೂರಿನಲ್ಲಿಯೂ 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆದವರಿಗೆ 5,000 ರೂಪಾಯಿ ದಂಡವನ್ನು ವಿಧಿಸಲಾಯಿತು. ದಂಡದ ಭಯದಿಂದ ನಡತೆಯು ಬದಲಾಗುವುದುಂಟು. ದಂಡವು ಹೋದ ಮೇಲೆ ನಿಲ್ಲುವುದು ಕಷ್ಟ.

ನಿಲ್ಲುವಂತೆ ಮಾಡುವುದು ಯಾವುದು? ಮೇಲಿನ ದೃಷ್ಟಾಂತಗಳನ್ನು ಸೂಕ್ಷ್ಮವಾಗಿ ನೋಡಿದರೆ ಎರಡು ಗುಟ್ಟುಗಳು ಹೊಳೆಯುವುವು. ಮೊದಲನೆಯದು ಕಾಣುವಿಕೆ. ಕಟ್ಟೆಯ ಮಟ್ಟವು ಕಣ್ಣಿಗೆ ಬಿದ್ದಾಗ ಕೈಯು ನಲ್ಲಿಯನ್ನು ತಾನಾಗಿ ತಿರುಗಿಸುವುದು. ಎರಡನೆಯದು ನೆರೆಯವನ ಮಾದರಿ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಹಲಗೆಗಳನ್ನು ಕ್ಯಾಲಿಫೋರ್ನಿಯಾದ ಮನೆಗಳ ಮೇಲೆ ಹಾಕಿಸಿದವರನ್ನು ಕುರಿತು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಮನೆಯ ಮೇಲೆ ಅವು ಏರಿದರೆ ಸುತ್ತಣ ಮನೆಗಳವರೂ ಹಾಕಿಸುವ ಸಂಭವವು ಹೆಚ್ಚುವುದೆಂದು ಕಂಡುಬಂದಿತು. ನೂರು ಉಪನ್ಯಾಸಗಳು ಮಾಡಲಾರದ ಕೆಲಸವನ್ನು ಪಕ್ಕದ ಮನೆಯ ಮಾಳಿಗೆಯೊಂದು ಮಾಡಬಲ್ಲುದು. ಹಿರಿಯರು ಕೆರೆಯ ಮುಂದೆ ಬಾಳಿದುದರಿಂದ ಈ ಎರಡೂ ಅವರಿಗೆ ತಾನಾಗಿ ಒದಗಿದ್ದುವು: ನೀರಿನ ಮಟ್ಟವೂ ಎಲ್ಲರಿಗೂ ಕಾಣುತ್ತಿತ್ತು, ಒಬ್ಬೊಬ್ಬನ ನಡತೆಯೂ ಎಲ್ಲರಿಗೂ ಕಾಣುತ್ತಿತ್ತು. ಕಾಣುವಿಕೆಯು ಹೋದುದರಿಂದ ನಡತೆಯು ಸಡಿಲವಾಯಿತು. ಆದುದರಿಂದ ಕಾಣುವಿಕೆಯನ್ನು ಮತ್ತೆ ತರಬೇಕು. ಇದೇ ಈ ಉಪನ್ಯಾಸದ ಸಾರವು.

ಅದನ್ನು ತರಲು ಮಠಕ್ಕಿಂತ ತಕ್ಕ ಸ್ಥಾನವು ಯಾವುದು? ಒಣಗಿದ ವರ್ಷವನ್ನೂ ತುಂಬಿದ ವರ್ಷವನ್ನೂ ಒಂದೇ ಮನಸ್ಸಿನಿಂದ ನೆನಪಿನಲ್ಲಿಡಬಲ್ಲ ಸಂಸ್ಥೆಯೆಂದರೆ ಮಠವು. ಮನುಷ್ಯನ ಆಯುಸ್ಸು ಅರುವತ್ತು ಎಪ್ಪತ್ತು. ಅಧಿಕಾರದ ಆಯುಸ್ಸು ಐದು. ಮಠದ ಆಯುಸ್ಸು ತಲೆಮಾರುಗಳದು. ಇಂತಹ ಮಹೋತ್ಸವವನ್ನು ಆಚರಿಸುವ ಸಂಸ್ಥೆಗೆ ಮುಂದಿನ ಐವತ್ತು ವರ್ಷಗಳ ಮಳೆಯನ್ನು ಕುರಿತು ಯೋಚಿಸುವ ಅಧಿಕಾರವೂ ಇದೆ, ಹೊಣೆಯೂ ಇದೆ.

ಮಾಡತಕ್ಕವು ದೊಡ್ಡ ಕಾರ್ಯಗಳೇನೂ ಅಲ್ಲ. ಮಠದ ಬಾಗಿಲಿನಲ್ಲಿ ಒಂದು ಹಲಗೆಯನ್ನು ನಿಲ್ಲಿಸಿ, ದಿನದ ಮಳೆಯನ್ನೂ ಊರ ಕೆರೆಯ ಮಟ್ಟವನ್ನೂ ಬಾವಿಯ ಆಳವನ್ನೂ ಬರೆಯಬಹುದು. ಪಾಠಶಾಲೆಯ ಹುಡುಗನೊಬ್ಬನು ಅಳತೆಯ ಕೋಲಿನಿಂದ ಮಾಡಬಹುದಾದ ಕೆಲಸವದು. ದರ್ಶನಕ್ಕೆ ಬರುವ ಭಕ್ತನು ದಿನವೂ ಅದನ್ನು ಓದಿದರೆ, ಅಜ್ಜನು ದನಗಳೊಡನೆ ಹೋಗಿ ಕಾಣುತ್ತಿದ್ದುದನ್ನು ಮೊಮ್ಮಗನು ಹಲಗೆಯ ಮೇಲೆ ಕಾಣುವನು.

ಮಠದ ಮಾಳಿಗೆಯ ಮೇಲೆ ಬೀಳುವ ಮಳೆಯನ್ನು ಹಿಡಿಯಬಹುದು. ಇದರ ಲೆಕ್ಕವು ಸುಲಭ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾಗುವುದು. ನೂರು ಚದರ ಮೀಟರಿನ ಒಂದು ಮಾಳಿಗೆಯ ಮೇಲೆ ಬೀಳುವ ನೀರು 80,000 ಲೀಟರು. ಐದರಲ್ಲಿ ಒಂದು ಪಾಲು ಹಾಳಾದರೂ 64,000 ಲೀಟರು ಉಳಿಯುವುದು. ಪಟ್ಟಣವಾಸಿಗೆ ದಿನಕ್ಕೆ 135 ಲೀಟರು ಬೇಕೆಂಬ ಲೆಕ್ಕದಲ್ಲಿ ಐದು ಜನರ ಸಂಸಾರಕ್ಕೆ ಇದು ಮೂರು ತಿಂಗಳ ನೀರು. ತುಂಬಿಡಲು ತೊಟ್ಟಿಯಿಲ್ಲದವರು ಇದನ್ನು ಬಾವಿಯ ಬಳಿ ನೆಲಕ್ಕೆ ಇಂಗಿಸಬಹುದು. ಮಠವು ಮೊದಲು ಮಾಡಿದರೆ ಭಕ್ತರ ಮನೆಗಳು ಹಿಂಬಾಲಿಸುವುವು.

ಬೇಸಗೆಯಲ್ಲಿ ಅರವಟಿಗೆಯನ್ನಿಡುವುದು ಈ ನಾಡಿನ ಹಳೆಯ ಪುಣ್ಯಕಾರ್ಯವು. ದಾರಿಹೋಕನಿಗೆ ನೀರುಮಜ್ಜಿಗೆಯನ್ನು ಕೊಟ್ಟ ಕೈಯು ಅವನ ಜಾತಿಯನ್ನು ಕೇಳಲಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗೆ ಸಾವಿರಕ್ಕೂ ಮೀರಿ ಹೆಚ್ಚಿನ ಮರಣಗಳಾದ ಮೇಲೆ, 2013ರಿಂದ ಆ ನಗರದವರು ಮುಂಚಿತವಾಗಿ ಎಚ್ಚರಿಕೆ ಕೊಡುವುದು, ನೆರಳು ನೀರುಗಳನ್ನು ಒದಗಿಸುವುದು ಮೊದಲಾದ ಏರ್ಪಾಡುಗಳನ್ನು ಮಾಡಿದರು. ಅರವಟಿಗೆಯು ಅದರ ಮೂಲರೂಪವೇ ಅಲ್ಲವೇ? ಮೇಲ್ಸೇತುವೆಯ ಬಳಿ ಬಿಸಿಲಿನಲ್ಲಿ ದುಡಿಯುವ ಕೂಲಿಗಾರನಿಗೆ ಮಧ್ಯಾಹ್ನದ ಮೂರು ಗಂಟೆಗಳ ನೆರಳನ್ನು ಮಠದ ಜಗಲಿಯು ಕೊಡಬಹುದು. ಮನೆಯಲ್ಲಿ ಒಂಟಿಯಾಗಿರುವ ವೃದ್ಧರನ್ನು ಬಿಸಿಯ ದಿವಸಗಳಲ್ಲಿ ದಿನಕ್ಕೊಮ್ಮೆ ಹೋಗಿ ವಿಚಾರಿಸುವುದನ್ನು ತರುಣ ಶಿಷ್ಯರು ಸೇವೆಯಾಗಿ ಕೈಕೊಳ್ಳಬಹುದು. ದಾಸೋಹವೆಂಬ ಮಾತಿಗೆ ಈ ಕಾಲವು ಕೇಳುತ್ತಿರುವ ಅರ್ಥವು ಇದೇ ಆಗಿರುವುದು.

ಕಡೆಯದಾಗಿ ಕೆರೆ. ಪಟ್ಟಣದ ಅಂಚಿನ ಕೆರೆಗಳಿಗೆಲ್ಲ ಬಂದಿರುವ ಬಾಧೆಯು ಹಿನಕಲ್ಲಿನ ಕೆರೆಗೂ ತಪ್ಪಿದುದಲ್ಲ: ಮಳೆಯ ನೀರು ಬರುವ ಕಾಲುವೆಗಳು ಕಿರಿದಾಗುವುವು, ಬಚ್ಚಲ ನೀರಿನ ದಾರಿಗಳು ಹಿರಿದಾಗುವುವು. ಒಮ್ಮೆಗೇ ಸುರಿಯುವ ಮಳೆಯನ್ನು ಹಿಡಿದು ನಿಲ್ಲಿಸಿ, ಆಮೇಲೆ ಬರುವ ಒಣದಿನಗಳಿಗೆ ಕೊಡುವುದೇ ಕೆರೆಯ ಗುಣವು. ಹವಾಗುಣವು ಕೆಟ್ಟಷ್ಟೂ ಕೆರೆಯ ಬೆಲೆಯು ಏರುವುದು. ಬೆಲೆಯು ಏರಿದ ಕಾಲದಲ್ಲಿಯೇ ಅದನ್ನು ಕಳೆದುಕೊಳ್ಳುತ್ತಿರುವುದು ಶೋಚನೀಯವು. ಕೊಳಚೆಯನ್ನು ತಡೆಯುವುದು ಸರ್ಕಾರದ ಕೆಲಸ. ತಡೆಯುವ ವರೆಗೂ ವಿನಯದಿಂದಲೂ ದೃಢದಿಂದಲೂ ಕೇಳುತ್ತಿರುವುದು ಊರಿನ ಕೆಲಸ. ಕಾಲುವೆಗೆ ಕಸವನ್ನು ಹಾಕದಿರುವುದು ಒಬ್ಬೊಬ್ಬರ ಕೆಲಸ.

ಶಿವಯೋಗಿ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಪುಣ್ಯಪುರುಷನು. ಸೊಲ್ಲಾಪುರದ ನಡುವೆ ಆ ಕೆರೆಯು ಇಂದಿಗೂ ಇದೆ. ಆದರೆ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಲ್ಲಿಗೆ ಬಂದು, ಕೆರೆಯನ್ನು ಅಗೆಸುವುದರಲ್ಲಿಯೇ ಮಗ್ನನಾಗಿದ್ದ ಅವನನ್ನು ಒಡ್ಡನೆಂದು ಕರೆದು ಎಚ್ಚರಿಸುವನು. ಆ ಪ್ರಸಂಗದಿಂದ ಕೆರೆಯು ಕೀಳೆಂಬ ತಾತ್ಪರ್ಯವು ಹೊರಡುವುದಿಲ್ಲ. ಕೆರೆಯನ್ನು ತೋಡುವಾಗ ತನ್ನನ್ನೂ ತೋಡಿಕೊಳ್ಳಬೇಕೆಂಬ ತಾತ್ಪರ್ಯವು ಹೊರಡುವುದು. ಅಂದು ಸಿದ್ಧರಾಮನಿಗೆ ಆಚಾರವಿತ್ತು; ಅರಿವು ಬೇಕಾಗಿತ್ತು. ಈ ಕಾಲದವರಿಗೆ ಅರಿವು ಬೇಕಾದಷ್ಟಿದೆ. ಅಂಗೈಯ ಮೇಲಣ ಯಂತ್ರವು ನಾಳೆಯ ಮಳೆಯನ್ನೂ ಇಂದೇ ಹೇಳುವುದು. ಕೊರತೆಯಾಗಿರುವುದು ಆಚಾರವು. ಪ್ರಭುವು ಇಂದು ಬಂದರೆ, ಕೆರೆಯ ಏರಿಯ ಮೇಲೆ ನಿಂತು ಕೆರೆಯನ್ನು ನೋಡದೆ ಹೋಗುವವರನ್ನು ಏನೆಂದು ಕರೆದಾನೆಂಬುದನ್ನು ಭಕ್ತರು ತಮ್ಮತಮ್ಮೊಳಗೇ ವಿಚಾರಿಸಿಕೊಳ್ಳಬೇಕು.

ಮಳೆಯು ಬರುವುದೋ ಬಾರದೋ ಮನುಷ್ಯನ ವಶದಲ್ಲಿಲ್ಲ. ಬಂದ ಮಳೆಗೆ ಎಡೆಯನ್ನು ಇಟ್ಟಿರುವುದು, ಬಾರದ ಮಳೆಯ ಕಷ್ಟವನ್ನು ಹಂಚಿಕೊಂಡು ಉಣ್ಣುವುದು, ತುಂಬಿದ ವರ್ಷದಲ್ಲಿ ಒಣಗಿದ ವರ್ಷವನ್ನು ಮರೆಯದಿರುವುದು, ಇವು ಮೂರೂ ಅವನ ವಶದಲ್ಲಿರುವುವು. ಈ ಮಹೋತ್ಸವದ ನೆನಪಿಗಾಗಿ ಮಠದ ಬಾಗಿಲಿನಲ್ಲಿ ಆ ಸಣ್ಣ ಹಲಗೆಯು ನಿಂತು, ಮೊದಲನೆಯ ದಿವಸದ ಮಳೆಯ ಅಳತೆಯು ಅದರ ಮೇಲೆ ಬರೆಯಲ್ಪಟ್ಟರೆ ಉತ್ಸವವು ಸಾರ್ಥಕವಾದಂತೆಯೇ ಸರಿ. ಅರಿತುದನ್ನು ಆಚರಿಸುವ ಶಕ್ತಿಯನ್ನು ಶ್ರೀಗುರುವು ಸಕಲರಿಗೂ ಕರುಣಿಸಲಿ.